ಪೆಟ್ರೋಲಿಗೊಂದು ಮನೆ

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ‘ಉಳಿತಾಯ ಖಾತೆ’. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೂ ವಿಷಯ ಅವರ ಕಿವಿಗೆ ಬಿದ್ದಿತ್ತು. ‘ಸಾಲದ ಖಾತೆ ಅನ್ನಲಿಲ್ಲವಲ್ಲ, ಅಷ್ಟೇ ಸಾಕು’ ಎಂದು ನಕ್ಕು ಸುಮ್ಮನಾದರು. ಅವರು ನನ್ನ ಅಕ್ಕನ ಗಂಡ. ಅಕ್ಕ ಅವರೆದುರು ದನಿ ಏರಿಸಿದವಳಲ್ಲ. ನನಗೆ ಮಾತ್ರ ಭಾವನೆಂಬ ಸಲುಗೆ. ಅಕ್ಕ ನುಂಗಿಕೊಂಡ ಮಾತನ್ನೆಲ್ಲ ನಾನು ಅವರ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ. ನನ್ನ ನಾಲಿಗೆ ಸ್ವಲ್ಪ ಉದ್ದ, ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಭಾವ ಜನರೇಟರುಗಳನ್ನು ಬಾಡಿಗೆಗೆ ಕೊಡುತ್ತಾರೆ. ಕರೆಂಟು ಹೋದರೆ ಯಾರ ಅಂಗಡಿ ನಿಲ್ಲಬಾರದೋ, ಯಾರ ಸಮಾರಂಭ ಕತ್ತಲಲ್ಲಿ ಮುಳುಗಬಾರದೋ ಅವರೆಲ್ಲ ಅವರಿಗೆ ಫೋನ್ ಮಾಡುತ್ತಾರೆ. ದೊಡ್ಡ ಡೀಸೆಲ್ ಯಂತ್ರಗಳು ಎರಡು, ಇಬ್ಬರು ಎತ್ತಿ ಒಯ್ಯಬಹುದಾದ ಪೆಟ್ರೋಲ್ ಯಂತ್ರಗಳು ನಾಲ್ಕೈದು, ಜೊತೆಗೆ ಒಂದು ಹಳೆಯ ಗೂಡ್ಸ್ ಗಾಡಿ. ಫೋನ್ ಬಂದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಏಳುತ್ತಾರೆ. ಬೇರೆಯವರ ಮನೆಗೆ ಬೆಳಕು ಬರುವವರೆಗೆ ಅವರಿಗೆ ಹಸಿವೆಯೇ ಇರುವುದಿಲ್ಲ.

ಈ ಉಳಿತಾಯದ ಹುಚ್ಚು ಎಲ್ಲಿಂದ ಬಂತು ಎಂದು ಅಕ್ಕ ನನಗೆ ಒಮ್ಮೆ ಹೇಳಿದ್ದಳು. ಭಾವನ ಅಪ್ಪ ಕೈ ಬಿಚ್ಚಿ ಖರ್ಚು ಮಾಡಿದವರು, ಸ್ನೇಹಿತರಿಗೆ ಇಲ್ಲ ಎಂದವರಲ್ಲ. ಕೊನೆಗೆ ಸಾಲ ತೀರಿಸಲು ಮನೆಯ ಸಾಮಾನು ಒಂದೊಂದಾಗಿ ಬಾಗಿಲು ದಾಟಿತು. ಬಟ್ಟೆಯ ಬೀರು ಹೋದ ದಿನ ಅದರೊಳಗಿದ್ದ ಬಟ್ಟೆಯನ್ನೆಲ್ಲ ಅವರಮ್ಮ ಹಾಸಿಗೆಯ ಮೇಲೆ ಗುಡ್ಡೆ ಹಾಕಿ ಅದರ ಪಕ್ಕ ಸುಮ್ಮನೆ ಕೂತಿದ್ದರಂತೆ. ಆಗ ಭಾವ ಇನ್ನೂ ಮೀಸೆ ಮೂಡದ ಹುಡುಗ. ಓದು ಅಲ್ಲಿಗೇ ನಿಂತಿತು. ಮೋಟಾರ್ ವೈಂಡಿಂಗ್ ಅಂಗಡಿಗೆ ಸೇರಿ ತಾಮ್ರದ ತಂತಿ ಸುತ್ತುತ್ತ ಬೆಳೆದರು. ಗುಜರಿಯವನಿಂದ ತೂಕದ ಲೆಕ್ಕದಲ್ಲಿ ಒಂದು ಸತ್ತ ಜನರೇಟರು ಕೊಂಡು, ರಜೆ ಸಿಕ್ಕಾಗಲೆಲ್ಲ ಬಿಚ್ಚಿ, ತೊಳೆದು, ಜೋಡಿಸಿ, ಅದಕ್ಕೆ ಜೀವ ತುಂಬಿದರು. ಅದು ಇವತ್ತಿಗೂ ಓಡುತ್ತದೆ. ಕೆಮ್ಮುತ್ತದೆ, ಆದರೆ ಓಡುತ್ತದೆ.

ಹೀಗೆ ಬೆಳೆದವರು ಏನನ್ನೂ ಎಸೆಯುವುದಿಲ್ಲ. ಅವರ ಮದುವೆಯ ಆಲ್ಬಮ್ಮಿನಲ್ಲಿ ಅರ್ಧ ಜನರ ಫೋಟೋ ಇಲ್ಲ. ಫೋಟೋದವನ ಹತ್ತಿರ ಇಷ್ಟೇ ಫೋಟೋ ಎಂದು ಮೊದಲೇ ಎಣಿಸಿ ಮಾತಾಡಿದ್ದರಿಂದ ಊಟದ ಹೊತ್ತಿಗೆ ಅವನು ಕ್ಯಾಮೆರಾ ಮುಚ್ಚಿಟ್ಟು ತಾನೂ ಊಟಕ್ಕೆ ಕೂತುಬಿಟ್ಟ. ಮಗಳಿಗೆ ತರುವ ಶೂ ಯಾವಾಗಲೂ ಮುಂದಿನ ವರ್ಷದ್ದು. ಈ ವರ್ಷವಿಡೀ ಅವಳು ಬಾತುಕೋಳಿಯ ಹಾಗೆ ನಡೆಯುತ್ತಾಳೆ. ಆದರೆ ಜಿಪುಣರೆಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಬಿರುಗಾಳಿಗೆ ಊರಿನ ಕಂಬಗಳೆಲ್ಲ ಉರುಳಿದಾಗ ಹೆರಿಗೆ ಆಸ್ಪತ್ರೆಯ ಮುಂದೆ ತಮ್ಮ ಯಂತ್ರ ನಿಲ್ಲಿಸಿ, ತಮ್ಮದೇ ಡೀಸೆಲ್ ಸುರಿದು, ಕರೆಂಟು ಬರುವವರೆಗೆ ಅಲ್ಲಿಂದ ಕದಲಲಿಲ್ಲ. ಬಾಡಿಗೆ ಎಷ್ಟು ಎಂದು ಕೇಳಿದ ಡಾಕ್ಟರಮ್ಮನಿಗೆ ‘ಮಕ್ಕಳು ಹುಟ್ಟೋ ಜಾಗಕ್ಕೆ ಏನು ಬಾಡಿಗೆ ಮೇಡಂ’ ಅಂದುಬಿಟ್ಟರು. ತಮ್ಮ ಮನೆಯ ವಿಷಯಕ್ಕೆ ಬಂದಾಗ ಮಾತ್ರ ಅವರ ಕೈ ಬಿಗಿ.

ಯಂತ್ರಗಳೂ ಗಾಡಿಯೂ ಇರುತ್ತಿದ್ದದ್ದು ಬಾಡಿಗೆಯ ಗ್ಯಾರೇಜಿನಲ್ಲಿ. ಗ್ಯಾರೇಜಿನ ಮಾಲೀಕ ಎಣ್ಣೆ ಇಡಲು ಬಿಡಲಿಲ್ಲ. ಹಾಗಾಗಿ ಪೆಟ್ರೋಲ್ ಕ್ಯಾನು, ಡೀಸೆಲ್ ಕ್ಯಾನುಗಳೆಲ್ಲ ಮನೆಯೊಳಗೆ, ಮಹಡಿ ಮೆಟ್ಟಿಲಿನ ಕೆಳಗೆ ಬಂದು ಕೂತವು. ಆ ಮೆಟ್ಟಿಲಿನ ಒಂದು ಪಕ್ಕ ಅಡುಗೆಮನೆ, ಇನ್ನೊಂದು ಪಕ್ಕ ಮಗಳು ಮಲಗುವ ಕೋಣೆ. ನಾನು ಹೋದಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದೆ. ‘ಏನು ವಾಸನೆ?’ ಎಂದು ಅಕ್ಕ ನಿಜವಾಗಿಯೂ ಕೇಳುತ್ತಿದ್ದಳು. ವರ್ಷಗಟ್ಟಲೆ ಅದರಲ್ಲೇ ಉಸಿರಾಡಿ ಆ ಮನೆಯವರ ಮೂಗಿಗೆ ಪೆಟ್ರೋಲೆಂದರೆ ಏನೂ ಅಲ್ಲದಂತಾಗಿತ್ತು.

ಒಂದು ಮಧ್ಯಾಹ್ನ ಅಕ್ಕ ಒಲೆ ಹಚ್ಚಲು ಲೈಟರ್ ಕೈಗೆತ್ತಿಕೊಂಡಿದ್ದಳು. ಶಾಲೆಯಿಂದ ಬಂದು ಶೂ ಕಳಚಿದ ಮಗಳು ಪುಟ್ಟಿ ಬರಿಗಾಲಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು, ‘ಅಮ್ಮಾ, ಇಲ್ಲಿ ನೆಲ ಐಸ್ ಥರ ತಣ್ಣಗಿದೆ’ ಎಂದು ಕುಣಿದಳು. ಅಕ್ಕ ತಿರುಗಿ ನೋಡಿದಳು. ನೆಲ ಒದ್ದೆಯಾಗಿ ಹೊಳೆಯುತ್ತಿತ್ತು. ಮೆಟ್ಟಿಲ ಕೆಳಗಿನಿಂದ ಹೊರಟ ಒದ್ದೆ ಮಗಳ ಪಾದ ದಾಟಿ ಅಡುಗೆಮನೆಯ ಒಳಗೇ ಬಂದಿತ್ತು. ಬಿರುಕು ಬಿಟ್ಟ ಒಂದು ಪೆಟ್ರೋಲ್ ಕ್ಯಾನಿಗೆ ಭಾವ ಅಂಟು ಮೆತ್ತಿ, ಹೊಸದು ಕೊಳ್ಳದೆ ಓಡಿಸುತ್ತಿದ್ದರು. ಆ ಅಂಟು ಅವತ್ತು ಬಿಟ್ಟುಕೊಂಡಿತ್ತು. ಅಕ್ಕನ ಹೆಬ್ಬೆರಳು ಲೈಟರಿನ ಗುಂಡಿಯ ಮೇಲೇ ಇತ್ತು.

ಅವಳು ಲೈಟರನ್ನು ಕಿಟಕಿಯಾಚೆ ಎಸೆದು, ಮಗಳನ್ನು ಎತ್ತಿಕೊಂಡು, ಚಪ್ಪಲಿಯೂ ಇಲ್ಲದೆ ಎರಡು ಬೀದಿ ದಾಟಿ ನನ್ನ ಮನೆಗೆ ಬಂದಳು. ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಅವಳ ಮುಖ ನೋಡಿ ಹೊಲಿಗೆ ಬಿಟ್ಟು ಎದ್ದೆ. ಬಾತ್‌ರೂಮಿಗೆ ಹೋದವಳು ಮಗಳ ಕಾಲನ್ನು ಸೋಪು ಹಾಕಿ ತೊಳೆದಳು, ಒರೆಸಿ ಮೂಸಿದಳು, ಮತ್ತೆ ತೊಳೆದಳು. ಮಗು ಕಚಗುಳಿಯೆಂದು ನಗುತ್ತಿತ್ತು.

ಸಂಜೆ ಭಾವ ಬಂದರು. ಕೈಯಲ್ಲಿ ಅಕ್ಕನ ಚಪ್ಪಲಿ ಇತ್ತು, ಕಾಗದದಲ್ಲಿ ಸುತ್ತಿ ತಂದಿದ್ದರು.

‘ನೆಲ ಎಲ್ಲ ತೊಳೆದಿದ್ದೀನಿ. ಆ ಕ್ಯಾನು ಎಸೆದೆ. ಏನೂ ಆಗಲಿಲ್ಲವಲ್ಲ, ಬಾ ಮನೆಗೆ’ ಅಂದರು.

‘ಏನೂ ಆಗಲಿಲ್ಲ ಅಂತ ನೀವು ಹೇಳೋದು ಕೇಳಿದ್ರೇನೇ ನನಗೆ ಕೈಕಾಲು ನಡುಗುತ್ತೆ’ ಎಂದಳು ಅಕ್ಕ. ಅವಳ ದನಿ ಏರಲಿಲ್ಲ, ಆದರೆ ಅಲುಗಲೂ ಇಲ್ಲ. ‘ಹಿತ್ತಿಲಿನ ಆ ತುದಿಯಲ್ಲಿ ಕಾಂಪೌಂಡ್ ಮೂಲೆ ಇದೆಯಲ್ಲ, ಅಲ್ಲಿ ಅವಕ್ಕೆ ಅಂತಲೇ ಒಂದು ಶೆಡ್ಡು ಕಟ್ಟಿಸಿ. ಅಲ್ಲಿಗೆ ಎಲ್ಲ ಸಾಗಿಸಿ. ಆಮೇಲೆ ನಾನೇ ಬರ್ತೀನಿ. ಅಲ್ಲಿವರೆಗೂ ನಾನೂ ಬರಲ್ಲ, ಮಗೂನೂ ಕಳಿಸಲ್ಲ.’

ಹದಿಮೂರು ವರ್ಷದ ಸಂಸಾರದಲ್ಲಿ ಅವಳು ಹಾಕಿದ ಮೊದಲ ಷರತ್ತು ಅದು. ಭಾವ ಚಪ್ಪಲಿಯನ್ನು ಬಾಗಿಲ ಬಳಿ ಜೋಡಿಸಿಟ್ಟು ಹೋದರು.

ಮಾರನೆಯ ಸಂಜೆಯಿಂದ ಶುರುವಾಯಿತು ನೋಡಿ ಲೆಕ್ಕಾಚಾರ. ಗ್ಯಾರೇಜು ಮುಚ್ಚಿದ ಮೇಲೆ ನೇರ ನನ್ನ ಮನೆಗೆ ಬಂದು, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಬೋರಲು ಹಾಕಿ ಕೂರುತ್ತಿದ್ದರು. ಅಕ್ಕ ಒಳಗಿನ ಕೋಣೆಯಲ್ಲಿ, ಪರದೆಯ ಹಿಂದೆ. ಅವಳು ಕೇಳಿಸಿಕೊಳ್ಳುತ್ತಾಳೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಅವರು ಪ್ರತಿ ಸಾಮಾನಿನ ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದರು.

ಮೇಸ್ತ್ರಿ ಕೊಟ್ಟ ಮೊದಲ ಅಂದಾಜು ಅರವತ್ತು ಸಾವಿರ ದಾಟಿತ್ತು. ಭಾವನ ಹತ್ತಿರ ಇದ್ದದ್ದು ಗಾಡಿಯ ಟೈರು ಬದಲಿಸಲೆಂದು ಎತ್ತಿಟ್ಟ ನಲವತ್ತು. ನಾಲ್ಕು ಗೋಡೆ, ಮೇಲೊಂದು ಶೀಟು, ಕಬ್ಬಿಣದ ಬಾಗಿಲು. ಇಷ್ಟಕ್ಕೆ ಅಷ್ಟು ಹಣ ಯಾಕೆ ಎಂದು ನಾನು ಕೇಳಿದೆ. ಹಿತ್ತಿಲಿನ ಆ ತುದಿ ಹಿಂದೆ ಹಳ್ಳವಾಗಿತ್ತಂತೆ, ಮಣ್ಣು ತುಂಬಿ ಮಟ್ಟ ಮಾಡಿದ ಜಾಗ. ಗಟ್ಟಿ ನೆಲ ಸಿಗುವವರೆಗೆ ಅಗೆದು ತಳಪಾಯ ಹಾಕಬೇಕು, ಗೋಡೆಗಿಂತ ತಳಪಾಯಕ್ಕೇ ಹೆಚ್ಚು ಸಿಮೆಂಟು ಬೇಕು ಎಂದರು.

ಭಾವ ಕತ್ತರಿ ಹಾಕತೊಡಗಿದರು. ಬಾಗಿಲು ಗುಜರಿಯಿಂದ ಬಂತು. ಶೀಟನ್ನು ಮುಚ್ಚಿಹೋದ ಯಾವುದೋ ಗೋದಾಮಿನಿಂದ ಅರ್ಧ ಬೆಲೆಗೆ ಗೊತ್ತು ಮಾಡಿದರು. ಸಿಮೆಂಟು ಕಲಸುವುದು, ಇಟ್ಟಿಗೆ ಹೊರುವುದು ತಾವೇ ಎಂದು ಒಬ್ಬ ಆಳಿನ ಕೂಲಿ ಹೊಡೆದು ಹಾಕಿದರು. ಉದ್ದ ಒಂದು ಅಡಿ ಕಡಿಮೆಯಾಯಿತು, ಮರುದಿನ ಅಗಲ ಅರ್ಧ ಅಡಿ ಕಡಿಮೆಯಾಯಿತು.

‘ಭಾವ, ನೀವು ಅಳತೆ ತಗೊಳ್ತಿರೋದು ಶೆಡ್ಡಿಗೋ ಚಡ್ಡಿಗೋ?’ ಎಂದೆ. ‘ಹೀಗೇ ಹೋದ್ರೆ ಕೊನೆಗೆ ಅದನ್ನ ನಾನೇ ಹೊಲಿದು ಕೊಡಬಹುದು.’

ಪರದೆಯ ಹಿಂದೆ ಅಕ್ಕ ನಕ್ಕ ಸದ್ದು ಕೇಳಿಸಿತು. ಭಾವ ತಲೆ ಎತ್ತಿ ಆ ಕಡೆ ನೋಡಿದ ರೀತಿ ನೋಡಿ ನನ್ನ ಕಣ್ಣು ತುಂಬಿ ಬಂತು. ಮನುಷ್ಯ ಸೊರಗಿದ್ದರು. ಅಂಗಿಯ ಗುಂಡಿ ಒಂದು ಹೋಗಿತ್ತು, ಹೊಲಿದುಕೊಡುತ್ತೇನೆಂದರೆ ಬೇಡ ಎಂದರು. ಬಹುಶಃ ಅದನ್ನು ಅಕ್ಕನ ಕೈಗೆ ಬಿಟ್ಟಿದ್ದರು.

ಕೆಲವನ್ನು ಮಾತ್ರ ಅವರು ಮುಟ್ಟಲಿಲ್ಲ. ಪೆಟ್ರೋಲ್ ಬಂಕಿನ ಮ್ಯಾನೇಜರರನ್ನು ಕೇಳಿಕೊಂಡು ಬಂದಿದ್ದರು: ಗಾಳಿ ಆಡಲು ಮೇಲೂ ಕೆಳಗೂ ಜಾಲರಿ ಇರಬೇಕು, ಸೋರಿದ್ದು ಆಚೆ ಹರಿಯದಂತೆ ಹೊಸ್ತಿಲು ಎತ್ತರ ಇರಬೇಕು, ಬಾಗಿಲ ಬಳಿ ಬಕೆಟ್ಟಿನಲ್ಲಿ ಮರಳು ಇರಬೇಕು, ಒಳಗೆ ಬಲ್ಬು ಹಾಕಕೂಡದು. ‘ಇದರಲ್ಲಿ ಎಳ್ಳಷ್ಟೂ ಕಡಿಮೆ ಮಾಡಲ್ಲ’ ಎಂದು ಪರದೆಯ ಕಡೆ ಮುಖ ಮಾಡಿ ಹೇಳಿದರು. ಹೊಸ ಕ್ಯಾನುಗಳನ್ನೂ ಲೆಕ್ಕಕ್ಕೆ ಸೇರಿಸಿದ್ದರು, ಎಲ್ಲವೂ ಹೊಸವು. ಅವರ ಕೈಬರಹದಲ್ಲಿ ‘ಹೊಸ’ ಎಂಬ ಮಾತನ್ನು ನಾನು ನೋಡಿದ್ದು ಅದೇ ಮೊದಲು.

ಏನು ಕತ್ತರಿಸಿದರೂ ಲೆಕ್ಕ ಐವತ್ತರ ಹತ್ತಿರ ಬಂದು ಮೊಂಡು ಹಿಡಿದು ನಿಲ್ಲುತ್ತಿತ್ತು. ನಾನು ಕೊಡುತ್ತೇನೆಂದೆ. ‘ನೀನು ಸೂಜಿ ಚುಚ್ಚಿಸಿಕೊಂಡು ದುಡಿದಿದ್ದು, ಅದು ನನ್ನ ಕ್ಯಾನಿಗೆ ಬೇಡ’ ಅಂದರು. ಸಾಲ ಮಾಡಿ ಎಂದರೆ ಅಪ್ಪನ ಬೀರು ಕಣ್ಣ ಮುಂದೆ ಬಂದವರ ಹಾಗೆ ತಲೆ ಅಲ್ಲಾಡಿಸಿದರು. ಈ ಕಡೆ ಅಕ್ಕನ ಸ್ಥಿತಿಯೂ ಚೆನ್ನಾಗಿರಲಿಲ್ಲ. ನನ್ನ ಮನೆಯ ಒಲೆ ಹಚ್ಚುವಾಗಲೂ ಮೊದಲು ಬಗ್ಗಿ ನೆಲ ಮುಟ್ಟಿ ನೋಡುತ್ತಿದ್ದಳು. ‘ನನ್ನ ಮೂಗನ್ನ ನಾನೇ ನಂಬಲಾರೆ’ ಅನ್ನುತ್ತಿದ್ದಳು. ಪುಟ್ಟಿ ದಿನವೂ ‘ಮನೆಗೆ ಯಾವಾಗ?’ ಎಂದು ಕೇಳಿ ಕೇಳಿ, ಆಮೇಲೆ ಕೇಳುವುದನ್ನೇ ಬಿಟ್ಟಳು. ನನಗೆ ಅದು ಹೆಚ್ಚು ಭಯ ತಂದಿತು.

ಒಂದು ಸಂಜೆ ಭಾವ ಹೊಸ್ತಿಲಲ್ಲೇ ನಿಂತು, ‘ಲೆಕ್ಕ ಕೂಡಿ ಬಂತು’ ಎಂದರು. ಮುಖ ಅರಳಿತ್ತು.

‘ಹೇಗೆ ಭಾವ?’

‘ಮೇಸ್ತ್ರಿ ಒಂದು ಉಪಾಯ ಹೇಳ್ದ. ಒಂದೇ ಏಟಿಗೆ ಕಾಲು ಭಾಗ ಖರ್ಚು ಇಳೀತು. ನಲವತ್ತರೊಳಗೇ ಆಗುತ್ತೆ. ಮುಗಿಯೋವರೆಗೂ ನೀವ್ಯಾರೂ ಆ ಕಡೆ ಬರಬೇಡಿ. ಮುಗಿದ ದಿನ ನಾನೇ ಬಂದು ಕರೀತೀನಿ.’

ಉಪಾಯ ಏನು ಎಂದು ಕೇಳಿದರೆ ನಕ್ಕರು, ಹೇಳಲಿಲ್ಲ. ಅವತ್ತು ಕ್ಯಾಲೆಂಡರಿನ ಹಾಳೆಯನ್ನೂ ಬಿಚ್ಚಲಿಲ್ಲ. ಅವರು ಹೋದ ಮೇಲೆ ಅಕ್ಕ ಪರದೆ ಸರಿಸಿ ಹೊರಗೆ ಬಂದು, ‘ಕೊನೆಗೂ ಮಾಡಿದ್ರು ಕಣೇ’ ಎಂದಳು. ಅವಳ ಮುಖದಲ್ಲಿ ಬಣ್ಣ ಬಂದಿತ್ತು.

ಕರೆಯಲು ಬಂದ ದಿನ ಶಾಲೆಗೆ ರಜೆ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಉಗುರುಗಳ ಸಂದಿಯಲ್ಲಿ ಸಿಮೆಂಟು ಹಾಗೇ ಇತ್ತು. ಅಕ್ಕ ಬೆಳಗ್ಗೆಯೇ ತನ್ನ ಬಟ್ಟೆ, ಮಗಳ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿಟ್ಟಿದ್ದಳು. ನಾಲ್ಕೂ ಜನ ನಡೆದೇ ಹೋದೆವು. ಪುಟ್ಟಿ ಅಪ್ಪನ ಬೆರಳು ಹಿಡಿದು ಮುಂದೆ ಮುಂದೆ ಎಳೆಯುತ್ತಿದ್ದಳು.

ಮನೆಯನ್ನು ಕನ್ನಡಿಯ ಹಾಗೆ ಗುಡಿಸಿ ಒರೆಸಿದ್ದರು. ಮೆಟ್ಟಿಲ ಕೆಳಗಿನ ಜಾಗ ಖಾಲಿಯಾಗಿತ್ತು. ಗೋಡೆಗೆ ಸುಣ್ಣ ಬಳಿದು, ಅಲ್ಲೊಂದು ಪುಟ್ಟ ಸ್ಟೂಲು ಇಟ್ಟು, ‘ಇಲ್ಲಿ ನೀನು ಕೂತು ತರಕಾರಿ ಹೆಚ್ಚಬಹುದು’ ಎಂದು ಅಕ್ಕನಿಗೆ ತೋರಿಸಿದರು. ಅಕ್ಕ ಬಗ್ಗಿ ನೆಲ ಮುಟ್ಟಿದಳು. ಒಣಗಿತ್ತು. ಚೀಲವನ್ನು ಕೆಳಗಿಟ್ಟಳು. ಆ ಚೀಲ ಕೆಳಗಿಟ್ಟ ಕ್ಷಣ ಭಾವನ ಮುಖದಲ್ಲಿ ಕಂಡ ಸಂತೋಷವನ್ನು ನಾನು ಮರೆಯುವ ಹಾಗಿಲ್ಲ.

ಹಿತ್ತಿಲ ಬಾಗಿಲು ತೆರೆದರು. ನಾವು ಮೊದಲು ನೋಡಿದ್ದು ಆ ತುದಿಯನ್ನು, ಕಾಂಪೌಂಡ್ ಮೂಲೆಯನ್ನು. ಅಲ್ಲಿ ಮೊದಲಿದ್ದ ಹುಲ್ಲೇ ಇತ್ತು.

‘ಅಲ್ಲಲ್ಲ, ಈ ಕಡೆ’ ಎಂದರು ಭಾವ.

ಶೆಡ್ಡು ಮನೆಯ ಹಿಂಗೋಡೆಗೆ ಒರಗಿ ನಿಂತಿತ್ತು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ನೀಲಿ ಬಣ್ಣದ ಬಾಗಿಲು, ಎತ್ತರದ ಹೊಸ್ತಿಲು, ಮೇಲೆ ಕೆಳಗೆ ಜಾಲರಿ, ಪಕ್ಕದಲ್ಲಿ ಕೆಂಪು ಬಳಿದ ಮರಳಿನ ಬಕೆಟ್ಟು. ಒಳಗೆ ಹೊಸ ಕ್ಯಾನುಗಳು ಸಾಲಾಗಿ ಕೂತಿದ್ದವು.

‘ಆ ತುದೀಲಿ ತಳಪಾಯಕ್ಕೇ ಎಲ್ಲ ನುಂಗಿಹೋಗ್ತಿತ್ತು’ ಎಂದು ಭಾವ ಉತ್ಸಾಹದಿಂದ ಹೇಳತೊಡಗಿದರು. ‘ಇಲ್ಲಿ ನೆಲ ಗಟ್ಟಿ. ಮನೆ ಗೋಡೆ ಹೇಗೂ ಇತ್ತಲ್ಲ, ಅದಕ್ಕೇ ಒತ್ತಿ ಕಟ್ಟಿದ್ವಿ. ನಾಲ್ಕು ಗೋಡೆ ಬದಲು ಮೂರೇ. ಒಂದು ಗೋಡೆ ಪೂರ್ತಿ ಉಳೀತು ನೋಡು.’

ಅಕ್ಕ ಶೆಡ್ಡಿನ ಮೂರು ಕಡೆಯೂ ನಡೆದು ನೋಡಿದಳು. ಶೆಡ್ಡಿನ ಜಾಲರಿಗೂ ಮನೆಯ ಒಂದು ಕಿಟಕಿಗೂ ನಡುವೆ ಒಂದು ಮೊಳ ಜಾಗ ಇತ್ತು. ಆ ಕಿಟಕಿಯನ್ನು ಒಂದು ಸಲ ಮುಟ್ಟಿದಳು. ಆಮೇಲೆ ಪುಟ್ಟಿಯನ್ನು ಕರೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅದೇ ಕಿಟಕಿಯಿಂದ ಅವಳ ದನಿ ಬಂತು.

‘ರೀ, ಶೆಡ್ಡೊಳಗೆ ಹೋಗಿ ಈ ಗೋಡೆ ಮೇಲೆ ಒಂದು ಸಲ ತಟ್ಟಿ.’

‘ಗೋಡೆ ಗಟ್ಟಿ ಇದೆಯಾ ಅಂತ ನೋಡ್ತಿದಾಳೆ’ ಎಂದು ಭಾವ ನನ್ನತ್ತ ತಿರುಗಿ ಹೆಮ್ಮೆಯಿಂದ ಹೇಳಿದರು. ‘ಒಂಬತ್ತು ಇಂಚಿನ ಗೋಡೆ, ಆನೆ ಗುದ್ದಿದ್ರೂ ಏನಾಗಲ್ಲ.’ ಕ್ಯಾನುಗಳ ನಡುವೆ ಬಗ್ಗಿ, ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

ಆ ಕಡೆಯಿಂದ ಯಾರೋ ತಿರುಗಿ ತಟ್ಟಿದರು. ಸಣ್ಣ ಸದ್ದು, ನೆಲದಿಂದ ಮಂಚದಷ್ಟೇ ಎತ್ತರದಲ್ಲಿ, ಕ್ಯಾನುಗಳ ಸಾಲಿನ ಹಿಂದೆಯೇ. ಜೊತೆಗೆ ಕಿಟಕಿ ದಾಟಿ ಜಾಲರಿಯ ಮೂಲಕ ನಗುವ ದನಿ ಬಂತು.

‘ಅಪ್ಪಾ, ನಾನು ಮಲಗಿದೀನಿ. ನನ್ನ ದಿಂಬಿನ ಹತ್ರಾನೇ ತಟ್ತಿದೀಯ ನೀನು. ಇನ್ನೊಂದ್ಸಲ ತಟ್ಟು.’

ಭಾವ ಇನ್ನೊಂದು ಸಲ ತಟ್ಟಲಿಲ್ಲ. ಬಗ್ಗಿದ್ದವರು ಹಾಗೇ ಇದ್ದರು, ಕೈ ಗೋಡೆಯ ಮೇಲೇ ಇತ್ತು. ಅವರ ಕತ್ತಿನ ಹಿಂಭಾಗ ಬೆವರಿದ್ದು ನನಗೆ ಕಾಣಿಸಿತು. ಮಗಳು ಆ ಕಡೆಯಿಂದ ಮತ್ತೆ ತಟ್ಟಿದಳು, ಕಾದಳು, ಮತ್ತೆ ತಟ್ಟಿದಳು. ಮೆಟ್ಟಿಲ ಕೆಳಗಿದ್ದಾಗ ಆ ಕ್ಯಾನುಗಳಿಗೂ ಮಗುವಿಗೂ ನಡುವೆ ಒಂದು ಬಾಗಿಲು, ನಾಲ್ಕು ಹೆಜ್ಜೆ ಜಾಗವಾದರೂ ಇತ್ತು.

ಅವರು ಎದ್ದರು. ಎರಡು ಕೈಗೆ ಎರಡು ಕ್ಯಾನು ಹಿಡಿದು ಹೊರಬಂದು, ಹಿತ್ತಿಲ ಆ ತುದಿಗೆ ನಡೆದು, ಹುಲ್ಲಿನ ಮೇಲೆ ಇಟ್ಟು ಬಂದರು. ಮತ್ತೆರಡು ಒಯ್ದರು. ಅವಸರಕ್ಕೆ ಒಂದರ ಮುಚ್ಚಳ ಸಡಿಲಾಗಿ ಇಸ್ತ್ರಿ ಅಂಗಿಯ ಮೇಲೆಲ್ಲ ಚೆಲ್ಲಿತು, ನಿಲ್ಲಲಿಲ್ಲ. ಅಕ್ಕ ಹಿತ್ತಿಲ ಬಾಗಿಲಿಗೆ ಬಂದಳು. ರೇಗುತ್ತಾಳೆಂದು ನಾನು ಕಾದೆ.

‘ನಾನೂ ಎರಡು ಎತ್ತಲಾ?’ ಎಂದಳು.

‘ಮುಟ್ಟಬೇಡ’ ಎಂದರು ಭಾವ. ಆಮೇಲೆ ನನ್ನ ಕಡೆ ತಿರುಗಿ, ‘ಇವರನ್ನ ಕರ್ಕೊಂಡು ಹೋಗಮ್ಮ. ಈಗಲೇ ಕರ್ಕೊಂಡು ಹೋಗು’ ಅಂದರು.

‘ಕ್ಯಾನು ಆಚೆ ಹೋಯ್ತಲ್ಲ ರೀ. ನಾವು ಇವತ್ತು ಇಲ್ಲೇ...’ ಎಂದಳು ಅಕ್ಕ. ಷರತ್ತು ಹಾಕಿದ್ದ ಅವಳೇ ಹಾಗೆ ಹೇಳಿದ್ದು.

‘ಮಳೆ ಬಂದ್ರೆ, ಕಳ್ಳ ಬಂದ್ರೆ, ಬಿಸಿಲು ಜಾಸ್ತಿಯಾದ್ರೆ ನಾನು ಮತ್ತೆ ಒಳಗೇ ತಂದಿಡ್ತೀನಿ ಕಣೇ. ನನ್ನ ಬುದ್ಧಿ ನನಗೆ ಗೊತ್ತು. ಇಷ್ಟು ದಿನ ಆ ಕಾಗದ ಹಿಡಿದು ಕೂತೆ, ಅದರಲ್ಲಿ ಎಲ್ಲ ಬರೆದೆ, ಪುಟ್ಟಿ ಮಂಚ ಎಲ್ಲಿದೆ ಅಂತ ಒಂದು ಸಲಾನೂ ನನ್ನ ತಲೆಗೆ ಬರಲಿಲ್ಲ. ಇನ್ನು ಅಲ್ಲಿ ಪೂರ್ತಿ ಕಟ್ಟೋವರೆಗೂ ನಾನು ಕರೆದ್ರೂ ನೀನು ಬರಬೇಡ.’

ಹಣ ಮುಗಿದಿತ್ತು. ಮತ್ತೆ ಕಟ್ಟುವುದು ಯಾವಾಗ ಎಂದು ಯಾರೂ ಕೇಳಲಿಲ್ಲ. ಅಕ್ಕ ಮೆಟ್ಟಿಲ ಪಕ್ಕ ಇಟ್ಟಿದ್ದ ಚೀಲವನ್ನು ಎತ್ತಿಕೊಂಡಳು. ಪುಟ್ಟಿ ಮಾತ್ರ ಬರುವುದಿಲ್ಲವೆಂದು ಮಂಚದ ಕಾಲು ಹಿಡಿದು ಕೂತಳು. ಭಾವ ಒಳಗೆ ಹೋಗಿ ಅವಳನ್ನು ತಾವೇ ಎತ್ತಿಕೊಂಡು ಬಂದರು. ಅಂಗೈಯಲ್ಲಿದ್ದ ಪೆಟ್ರೋಲು ಅವಳ ಮೈಗೆ ತಾಗಬಾರದೆಂದು ಬೆರಳುಗಳನ್ನು ದೂರಕ್ಕೆ ಚಾಚಿ, ಎರಡೂ ಮೊಣಕೈಗಳ ನಡುವೆ ಅವಳನ್ನು ಅವುಚಿ ಹಿಡಿದಿದ್ದರು. ಗೇಟಿನಾಚೆ ರಸ್ತೆಯಲ್ಲಿ ಇಳಿಸಿದರು.

‘ಅಪ್ಪಾ, ನೀನು ಬರಲ್ವಾ?’ ಎಂದಳು ಅವಳು.

‘ಕೈ ತೊಳ್ಕೊಂಡು ಬರ್ತೀನಿ’ ಎಂದು ಅವರು ಗೇಟು ಮುಚ್ಚಿದರು. ಒಳಗಿನಿಂದ ಚಿಲಕ ಬಿದ್ದ ಸದ್ದು, ಆಮೇಲೆ ನಲ್ಲಿಯ ನೀರು ಬೀಳುವ ಸದ್ದು ಕೇಳಿಸಿತು. ಮಗಳನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡಿಬಂದ ದಿನ ಕೂಡ ಅಳದಿದ್ದ ಅಕ್ಕ, ಆ ರಸ್ತೆಯ ನಡುವೆ ನಿಂತು ಜೋರಾಗಿ ಅತ್ತಳು.